ಅರಿಶಿಣದ ಕೊಂಬಿನಲ್ಲಿ ಗೋವಿನಜೋಳ

ಮೂವತ್ತೊಂದು ವರ್ಷ ನಾನು ಪುಡಿ ನೋಡಿದೆ. ಮೆಣಸಿನ ಪುಡಿ, ಅರಿಶಿಣ ಪುಡಿ, ಚಕ್ಕೆ ಪುಡಿ, ಕಷಾಯದ ಪುಡಿ, ಒಮ್ಮೆ ಬಟ್ಟೆಗೆ ಹತ್ತಿದರೆ ಮೂರು ದಿನ ಬಿಡದ ಇಂಗಿನ ಪುಡಿ. ಪುಣೆಯ ಒಂದು ಖಾಸಗಿ ಪರೀಕ್ಷಾಲಯದ ಎರಡನೆಯ ಮಹಡಿಯಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ, ಒಂದು ಸೂಕ್ಷ್ಮದರ್ಶಕದ ಮುಂದೆ ಕುಳಿತು ನೋಡಿದೆ. ಈಗ ಆ ಕೆಲಸಕ್ಕೆ ಸೇರುವ ಹುಡುಗಿಯರು ಫೋನು ಮಾಡಿದಾಗ ಮೊದಲು ಕೇಳುವುದು ಒಂದೇ: "ಯಂತ್ರಗಳು ಬಂದಿವೆಯಲ್ಲ ಮೇಡಂ, ಇದನ್ನು ಇನ್ನೂ ಕಲಿಯಬೇಕಾ?"

ಕಲಿಯಬೇಕು. ಏಕೆ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ಹೇಳುವಾಗ ನನ್ನ ಜಾಣತನಕ್ಕಿಂತ ನನ್ನ ತಪ್ಪನ್ನೇ ಹೆಚ್ಚು ಹೇಳಬೇಕಾಗುತ್ತದೆ. ನಾನು ಕಂಡದ್ದನ್ನು ಕಂಡೆ ಎನ್ನುತ್ತೇನೆ, ಕೇಳಿದ್ದನ್ನು ಕೇಳಿದೆ ಎನ್ನುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಬೇರೇನನ್ನೂ ಬದಲಿಸಿಲ್ಲ.

ನಮ್ಮ ಕಡೆಯವರು ಇಂಡಿ ತಾಲೂಕಿನವರು. ಅಪ್ಪ ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಫಿಟರ್ ಆಗಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಸಸ್ಯಶಾಸ್ತ್ರದಲ್ಲಿ ಪದವಿ ಮುಗಿಸಿ ಕೆಲಸಕ್ಕೆ ಸೇರಿದ ದಿನ ನಮ್ಮ ಹಿರಿಯರಾದ ದೇಶಮುಖ ಸರ್ ನನ್ನ ಮುಂದೆ ಮೂರು ಬಾಟಲಿ ಇಟ್ಟರು. ಮೂರರಲ್ಲೂ ಕಂದು ಪುಡಿ. "ಮೂಸಬೇಡಿ, ನೆಕ್ಕಬೇಡಿ. ಏನೆಂದು ಹೇಳಿ, ಬಿರಾದಾರ ಬಾಯಿ" ಎಂದರು ಮರಾಠಿಯಲ್ಲಿ. ಸಂಜೆಯವರೆಗೆ ನೋಡಿದರೂ ನನಗೆ ಒಂದೂ ತಿಳಿಯಲಿಲ್ಲ. ಅವರು ಬೈಯಲಿಲ್ಲ. "ನೀವು ಹೆಸರು ಹುಡುಕಿದಿರಿ. ಕೆಲಸ ಹುಡುಕಬೇಕಿತ್ತು" ಎಂದರು.

ಆ ಮಾತು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು. ಒಂದೇ ಕೆಲಸಕ್ಕೆ ಕೂಡಿದ ಜೀವಕೋಶಗಳ ಗುಂಪೇ ಅಂಗಾಂಶ ಎಂದು ಶಾಲೆಯಲ್ಲಿ ಎಲ್ಲರೂ ಉರು ಹೊಡೆದಿರುತ್ತೇವೆ. ಪರೀಕ್ಷೆ ಮುಗಿದ ಮೇಲೆ ಮರೆಯುತ್ತೇವೆ. ಆದರೆ ಗಿರಣಿಯ ಕಲ್ಲಿನ ಕೆಳಗೆ ಎಲೆ, ಬೇರು, ತೊಗಟೆಗಳ ಆಕಾರ ಹೋದರೂ ಅಂಗಾಂಶದ ಚೂರುಗಳು ಉಳಿಯುತ್ತವೆ. ಆ ಚೂರು ಗಿಡದಲ್ಲಿ ಯಾವ ಕೆಲಸಕ್ಕಿತ್ತು ಎಂದು ಕೇಳಿಕೊಂಡರೆ ಅದು ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ.

ತೆಳುಗೋಡೆಯ, ದುಂಡನೆಯ ಕೋಶಗಳು ಕಂಡರೆ ಅದು ಪೇರೆಂಕೈಮಾ, ಗಿಡದ ಕಣಜ. ಹಿಟ್ಟು, ಎಣ್ಣೆ, ನೀರು ಎಲ್ಲ ಅಲ್ಲಿ ಕೂಡಿಟ್ಟಿರುತ್ತದೆ. ಮೂಲೆಗಳಲ್ಲಷ್ಟೇ ದಪ್ಪಗಾದ ಕೋಶಗಳಾದರೆ ಕೋಲೆಂಕೈಮಾ. ಕೊತ್ತಂಬರಿ ಕಡ್ಡಿಯನ್ನು ಬಗ್ಗಿಸಿದರೆ ಫಕ್ಕನೆ ಮುರಿಯುವುದಿಲ್ಲವಲ್ಲ, ಅದಕ್ಕೆ ಇದೇ ಕಾರಣ. ಗೋಡೆಯೆಲ್ಲ ದಪ್ಪಗಟ್ಟಿ ಒಳಗೆ ಜೀವವೇ ಇಲ್ಲದ ಕೋಶಗಳು ಸ್ಕ್ಲೀರೆಂಕೈಮಾ. ಅದರಲ್ಲಿ ಉದ್ದನೆಯವು ನಾರು, ಗಿಡ್ಡನೆಯವು ಕಲ್ಲುಕೋಶ. ಪೇರಲ ಹಣ್ಣು ತಿನ್ನುವಾಗ ಹಲ್ಲಿಗೆ ಮರಳಿನಂತೆ ಸಿಗುವುದು ಕಲ್ಲುಕೋಶ. ಸುರುಳಿಯಂತೆಯೋ ಏಣಿಯಂತೆಯೋ ಗೆರೆಗಳಿರುವ ಕೊಳವೆ ಕಂಡರೆ ಕ್ಸೈಲಂ. ಬೇರಿನ ನೀರನ್ನು ಮೇಲಕ್ಕೆ ಒಯ್ಯುವ ಈ ಕೊಳವೆಯ ಕೋಶಗಳು ಸತ್ತ ಮೇಲೆಯೇ ದುಡಿಯಲು ಶುರು ಮಾಡುತ್ತವೆ. ಎಲೆಯಲ್ಲಿ ತಯಾರಾದ ಆಹಾರವನ್ನು ಒಯ್ಯುವುದು ಫ್ಲೋಯಂ. ಅದು ಬಹಳ ಮೆತ್ತಗೆ, ಪುಡಿಯಲ್ಲಿ ಜಜ್ಜಿಹೋಗಿರುತ್ತದೆ. ಹುಡುಕುತ್ತ ಕೂರಬೇಡಿ. ನಾನು ಎರಡು ತಿಂಗಳು ಹುಡುಕಿ ಕಣ್ಣು ಕೆಂಪಗೆ ಮಾಡಿಕೊಂಡವಳು.

ನನ್ನ ಮೊದಲ ಒಳ್ಳೆಯ ಪ್ರಕರಣ ಕರಿಮೆಣಸಿನದು. ಮೆಣಸಿನ ಕಾಳಿನ ಸಿಪ್ಪೆಯ ಕೆಳಗೆ ಕಲ್ಲುಕೋಶಗಳ ಸಾಲಿರುತ್ತದೆ, ಒಳಗೆಲ್ಲ ಸಣ್ಣಸಣ್ಣ ಪಿಷ್ಟದ ಕಣಗಳು ಒತ್ತಾಗಿ ತುಂಬಿರುತ್ತವೆ. ಆ ಪುಡಿಯ ಅರ್ಧ ಭಾಗದಲ್ಲಿ ಪಿಷ್ಟವೇ ಇರಲಿಲ್ಲ, ಬರೀ ಎಣ್ಣೆಯ ಹನಿಗಳು. ಪಪ್ಪಾಯಿ ಬೀಜ ಬೆರೆಸಿದ್ದರು. ನಾನು ಕುಣಿಯುತ್ತ ಹೋಗಿ ಹೇಳಿದೆ. ದೇಶಮುಖ ಸರ್ ಕನ್ನಡಕ ಸರಿಮಾಡಿಕೊಂಡು, "ಆಧೀ ರಿಕಾಮೀ ಕಾಚ ಬಘಾ" ಎಂದರು. ಮೊದಲು ಖಾಲಿ ಗಾಜು ನೋಡಿ ಎಂದು ಅರ್ಥ. ಅವರ ಪದ್ಧತಿ ಅದು. ದಿನಾ ಬೆಳಿಗ್ಗೆ, ಪುಡಿ ಮುಟ್ಟುವ ಮೊದಲು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರನ್ನಷ್ಟೇ ಹಾಕಿ ಮುಚ್ಚಿ ನೋಡಬೇಕು. ಅದರಲ್ಲಿ ಏನಾದರೂ ಕಂಡರೆ ಅದು ಪುಡಿಯದಲ್ಲ, ನಮ್ಮದು: ನಮ್ಮ ಗಾಜಿನದು, ನೀರಿನದು, ಸೆರಗಿನದು. ಅವರು ನಿವೃತ್ತರಾಗುವವರೆಗೆ ನಾನು ದಿನಾ ಖಾಲಿ ಗಾಜು ನೋಡಿದೆ. ಅವರು ಹೋದ ಮೇಲೆ ವಾರಕ್ಕೊಮ್ಮೆ ಆಯಿತು. ಆಮೇಲೆ ಬಿಟ್ಟೇಬಿಟ್ಟೆ. ಎಷ್ಟು ವರ್ಷ ನೋಡಿದರೂ ಖಾಲಿ ಗಾಜು ಖಾಲಿಯಾಗಿಯೇ ಇರುತ್ತಿತ್ತು.

ಅಷ್ಟರಲ್ಲಿ ಯಂತ್ರಗಳು ಬಂದವು. ಪುಡಿಯನ್ನು ದ್ರಾವಕದಲ್ಲಿ ಕರಗಿಸಿ ಹಾಕಿದರೆ, ಅದರಲ್ಲಿ ಯಾವ ರಾಸಾಯನಿಕ ಎಷ್ಟಿದೆ ಎಂದು ಕಾಗದದ ಮೇಲೆ ಏರಿಳಿತದ ಗೆರೆ ಎಳೆದು ಕೊಡುತ್ತವೆ. ಯಂತ್ರದ ಜೊತೆ ಹೊಸ ವ್ಯವಸ್ಥಾಪಕರೂ ಬಂದರು. ಬೆಂಗಳೂರಿನ ರಾಘವೇಂದ್ರ. ನನಗಿಂತ ಹದಿನೈದು ವರ್ಷ ಚಿಕ್ಕವರು, ಚುರುಕು ಮನುಷ್ಯ, ಕೆಟ್ಟವರಲ್ಲ. ಯಂತ್ರವನ್ನು ನಾನು ಹೀಗಳೆಯುವುದಿಲ್ಲ. ಸೀಸ, ಕೀಟನಾಶಕ ನನ್ನ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಕಾಣುತ್ತದೆ. ಆದರೆ ಯಂತ್ರಕ್ಕೆ ನೀವು ಏನು ಕೇಳುತ್ತೀರೋ ಅಷ್ಟಕ್ಕೇ ಉತ್ತರ.

ಒಮ್ಮೆ ಔಷಧ ತಯಾರಿಸುವವರೊಬ್ಬರಿಂದ ದಾರುಹರಿದ್ರದ ಕಟ್ಟಿಗೆಯ ತುಂಡುಗಳು ಬಂದವು. ಯಂತ್ರ ಅದರಲ್ಲಿರಬೇಕಾದ ಹಳದಿ ಸಾರವನ್ನು ಹುಡುಕಿತು, ಸಿಕ್ಕಿತು, ಪಾಸು. ನಾನು ತುಂಡನ್ನು ನೆನೆಹಾಕಿ ಅಡ್ಡ ಸೀಳು ತೆಗೆದು ನೋಡಿದೆ. ನೀರ್ಗೊಳವೆಗಳು ಕಣ್ಣಿಗೇ ಕಾಣುವಷ್ಟು ಅಗಲ. ಅಷ್ಟು ಅಗಲದ ಕೊಳವೆ ಬೇಕಾಗುವುದು ಬಳ್ಳಿಗೆ. ಸಣ್ಣ ಕಾಂಡದಲ್ಲಿ ಮರದ ತುದಿಯವರೆಗೆ ನೀರು ಎಳೆಯಬೇಕಲ್ಲ. ದಾರುಹರಿದ್ರ ಬಳ್ಳಿಯಲ್ಲ, ಪೊದೆ. ಬಂದದ್ದು ಮರದರಿಶಿನ ಎಂಬ ಬಳ್ಳಿಯ ಕಾಂಡ. ಅದರಲ್ಲೂ ಅದೇ ಹಳದಿ ಸಾರವಿದೆ. ನಾನು ಹಾಗೆಂದು ಬರೆದೆ. ರಾಘವೇಂದ್ರ ನನ್ನ ವರದಿಯನ್ನು ಕಡತದಲ್ಲಿಟ್ಟು ಯಂತ್ರದ ವರದಿಯನ್ನು ಕಳುಹಿಸಿದರು. ಅದನ್ನು ನಾನು ಗೆದ್ದೆ ಎಂದು ಬರೆಯಲಾರೆ. ಸೋತೆ. ಸೋತ ಸಿಟ್ಟಿನಲ್ಲಿ, ಇನ್ನು ಮೇಲೆ ಕಣ್ಣು ಕಂಡದ್ದನ್ನು ಯಾರೂ ತಳ್ಳಿಹಾಕಲು ಬಿಡುವುದಿಲ್ಲ ಎಂದು ಹಟ ತೊಟ್ಟೆ. ಈ ಹಟವೇ ನನ್ನಿಂದ ದೊಡ್ಡ ತಪ್ಪು ಮಾಡಿಸಿತು.

ಮರುವರ್ಷ ಚಿಂಚವಾಡದ ಒಂದು ಹೋಟೆಲಿನಿಂದ ಅರಿಶಿಣ ಪುಡಿಯ ಮಾದರಿ ಬಂತು. ಮಾಲೀಕರು ಉಡುಪಿ ಕಡೆಯ ಶೆಟ್ಟರು. ಪುಡಿ ಕೊಂಢವಾ ಬಡಾವಣೆಯ ಒಂದು ಸಣ್ಣ ಗಿರಣಿಯದು, ಗಿರಣಿ ಮಹಾದೇವಿ ಎಂಬ ಹೆಣ್ಣುಮಗಳದು. ಯಂತ್ರ ಪಾಸು ಎಂದಿತು. ನನ್ನ ಕಣ್ಣಿಗೆ ಗೋವಿನಜೋಳದ ಪಿಷ್ಟ ಕಂಡಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅರಿಶಿಣವನ್ನು ಕಿತ್ತ ಮೇಲೆ ಬೇಯಿಸಿ ಒಣಗಿಸುತ್ತಾರೆ. ಬೆಂದಾಗ ಅದರ ಕಣಜದ ಕೋಶಗಳಲ್ಲಿರುವ ಪಿಷ್ಟ ಉಬ್ಬಿ ಅಂಟಿ ಹಳದಿ ಮುದ್ದೆಯಾಗುತ್ತದೆ, ಬಿಡಿ ಕಣ ಉಳಿಯುವುದಿಲ್ಲ. ಹಾಗಾಗಿ ಅರಿಶಿಣ ಪುಡಿಯಲ್ಲಿ ಮೂಲೆಮೂಲೆಯಾದ, ನಡುವೆ ಚುಕ್ಕೆಯಿರುವ ಬಿಳಿ ಕಣಗಳು ಬಿಡಿಬಿಡಿಯಾಗಿ ಕಂಡರೆ ಅವು ಹೊರಗಿನವು, ಗೋವಿನಜೋಳದವು. ವಿಶೇಷ ಬೆಳಕಿನ ಸೋಸುಗಾಜು ಹಾಕಿದರೆ ಪ್ರತಿ ಕಣದ ಮೇಲೂ ಅಧಿಕ ಚಿಹ್ನೆಯಂಥ ಕರಿ ಅಡ್ಡಗೆರೆ ಮೂಡುತ್ತದೆ. ಮೂಡಿತು. ಪಕ್ಕದ ಮೇಜಿನವಳೂ ನೋಡಿ ಹೌದು ಎಂದಳು. ಅವಳು ನೋಡಿದ್ದು ನಾನು ಮಾಡಿಟ್ಟ ಸ್ಲೈಡನ್ನೇ.

"ಸ್ವಲ್ಪವೇ ಇದೆಯಲ್ಲ ಮೇಡಂ, ರಿಪೀಟ್ ಮಾಡೋಣ್ವಾ?" ಎಂದರು ರಾಘವೇಂದ್ರ.

"ಯಂತ್ರ ಪಾಸ್ ಅಂದಾಗ ರಿಪೀಟ್ ಮಾಡಂಗಿಲ್ಲ, ಕಣ್ಣು ಫೇಲ್ ಅಂದಾಗ ರಿಪೀಟ್ ಮಾಡ್ಬೇಕೇನ್ರಿ?" ಎಂದೆ. 'ಗೋವಿನಜೋಳದ ಪಿಷ್ಟ ಬೆರೆತಿದೆ' ಎಂದು ಸಹಿ ಹಾಕಿ ಕಳುಹಿಸಿದೆ. ಗೆದ್ದೆ ಎಂದುಕೊಂಡೆ.

ಎಂಟು ದಿನದ ಮೇಲೆ ಮಧ್ಯಾಹ್ನ ಕೆಳಗಿನಿಂದ ಕರೆ ಬಂತು. ಹೋದರೆ ಇಳಕಲ್ ಸೀರೆಯ ಹೆಂಗಸೊಬ್ಬಳು ಕುರ್ಚಿ ಬಿಟ್ಟು ನಿಂತಿದ್ದಳು, ಕಂಕುಳಲ್ಲಿ ಬಟ್ಟೆಯ ಗಂಟು.

"ನನ್ನ ಅರಿಶಿಣದಾಗ ಗ್ವಾಂಜಾಳ ಅದ ಅಂತ ಬರದೋರು ನೀವ ಏನ್ರಿ?"

"ಹೌದ್ರಿ, ನಾನ."

"ಕನ್ನಡದವ್ರು ಅದೀರಿ. ಛಲೋ ಆತು. ಬೈಲಾಕ ಮರಾಠಿ ಹುಡುಕೂದು ತಪ್ಪಿತು."

ಅವಳೇ ಮಹಾದೇವಿ. ಊರು ಅಫಜಲಪುರದ ಕಡೆ. ಕುಳಿತುಕೊಳ್ಳಲು ಹೇಳಿದರೆ ಕೂರಲಿಲ್ಲ.

"ಹದಿನಾಕು ವರ್ಷ ಇಟ್ಟಂಗಿ ಹೊತ್ತೀನ್ರಿ. ಕೊಂಢವಾದಾಗಿನ ಅರ್ಧ ಬಿಲ್ಡಿಂಗು ನನ್ನ ತಲಿ ಮ್ಯಾಲಿಂದ ಹಾದು ಹೋಗ್ಯಾವ. ಈಗ ಗಿರಣಿ ಹಾಕೀನಿ, ಮೂರು ಮಂದಿ ಹೆಣಮಕ್ಕಳು ನನ್ನ ಕೂಡ ದುಡೀತಾರ. ಶೆಟ್ರು ಮಾಲು ಹೊಳ್ಳಿ ಕಳಿಸಿದ್ರು. ಅವರ ಮಾತು ಕೇಳಿ ಉಳದ ಹೋಟೆಲ್‌ದವರೂ ನಿಲ್ಸಿದ್ರು. ಮಾಲು ಹೋದ್ರ ಹೋಗ್ಲಿ. ಕಲಬೆರಕಿ ಮಾಡಾಕಿ ಅಂತ ಹೆಸರು ಬಂದದ. ಈ ಹೆಸರು ಹೊತ್ತು ಯಾರ ಬಾಗಲಿಗೆ ಹೋಗ್ಲಿ?"

ಗಂಟು ಬಿಚ್ಚಿದಳು. ಒಳಗೆ ಇಡೀ ಅರಿಶಿಣದ ಕೊಂಬುಗಳು. "ಸಾಂಗಲಿ ಪ್ಯಾಟ್ಯಾಗ ತಂದದ್ದು, ಅದ ಮಾಲು. ನಾ ಕುಟ್ಟಿಲ್ಲ, ಬೀಸಿಲ್ಲ. ನನ್ನ ಕಣ್ಣಮುಂದ ನೀವ ಕುಟ್ಟಿ ನೋಡ್ರಿ. ಇದರಾಗೂ ಗ್ವಾಂಜಾಳ ಇದ್ದರ ಗಿರಣಿ ಮಾರಿ ಮತ್ತ ಇಟ್ಟಂಗಿ ಹೊರತೀನಿ."

ಹೊರಗಿನವರನ್ನು ಪರೀಕ್ಷಾ ಕೋಣೆಗೆ ಬಿಡಬಾರದೆಂಬ ನಿಯಮವಿತ್ತು. "ಬರ್ರಿ" ಎಂದು ಕರೆದುಕೊಂಡು ಹೋದೆ. ಅದು ಔದಾರ್ಯ ಎಂದು ಯಾರೂ ತಿಳಿಯಬಾರದು. ಕೊಂಬಿನ ಶುದ್ಧ ಸ್ಲೈಡನ್ನು ತೋರಿಸಿ, ಪಕ್ಕದಲ್ಲಿ ಅವಳ ಪುಡಿಯ ಸ್ಲೈಡನ್ನಿಟ್ಟು, ಬಾಯಿ ಮುಚ್ಚಿಸಿ ಕಳುಹಿಸಬೇಕೆಂಬುದು ನನ್ನ ಮನಸ್ಸಿನಲ್ಲಿತ್ತು.

ಕೈಗವಸು ಹಾಕಿಕೊಂಡೆ. ಕೊಂಬನ್ನು ಸೀಳಿ, ಒಳಗಿನ ತಿರುಳನ್ನಷ್ಟೇ ಕೆರೆದು, ತೊಳೆದ ಕಲ್ಲಿನಲ್ಲಿ ಅರೆದು, ನೀರಿನ ಹನಿಯಲ್ಲಿ ಹಾಕಿ ನೋಡಿದೆ. ಹಳದಿ ಮುದ್ದೆಗಳು ಕಂಡವು. ಮುರಿದ ನೀರ್ಗೊಳವೆಯ ಒಂದು ಚೂರು ಕಂಡಿತು. ಅದರ ಪಕ್ಕದಲ್ಲೇ ಮೂಲೆಮೂಲೆಯಾದ ಬಿಳಿ ಕಣಗಳು, ನಡುವೆ ಚುಕ್ಕೆ. ಸೋಸುಗಾಜು ಹಾಕಿದೆ. ಕರಿ ಅಡ್ಡಗೆರೆ ಮೂಡಿತು.

"ಏನ್ರಿ, ಸುಮ್ಮನ ಕುಂತ್ರಿ? ಗ್ವಾಂಜಾಳ ಅದನೋ ಇಲ್ಲೋ?"

ಇಲ್ಲ ಎಂದುಬಿಡಬಹುದಿತ್ತು. "ಅದರಿ" ಎಂದೆ.

ಅವಳು ಗಟ್ಟಿಯಾಗಿ ನಕ್ಕಳು. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಹಂಗಾದ್ರ ಭೂಮಿಯೊಳಗ ಹೊಕ್ಕು, ಅರಿಶಿಣದ ಹೊಟ್ಟಿ ಸೀಳಿ, ಗ್ವಾಂಜಾಳ ತುಂಬಿ, ಹೊಲದು ಬಂದೀನಿ ನಾ! ಭಾಳ ಶಾಣ್ಯಾಕಿ ಅದೀನಿ ಬಿಡ್ರಿ!"

ನಾನು ಕೈಗವಸು ಕಳಚಿದೆ. ಬೆರಳುಗಳ ಮೇಲೆ ಬಿಳಿ ಧೂಳು.

ಕೈಗವಸು ಎರಡು ತಿಂಗಳ ಹಿಂದೆ ಬಂದ ನಿಯಮ. ಮೊದಲೆಲ್ಲ ನಾವು ಕೈಯನ್ನು ಮೂರು ಸಲ ತೊಳೆದು ಬರಿಗೈಯಲ್ಲೇ ಕೆಲಸ ಮಾಡುತ್ತಿದ್ದೆವು. ಸ್ವಚ್ಛತೆಗೆಂದು ಎಲ್ಲರಿಗೂ ರಬ್ಬರಿನ ಕೈಗವಸು ಕಡ್ಡಾಯ ಮಾಡಿದರು. ಕೈ ಸುಲಭವಾಗಿ ಒಳಗೆ ಜಾರಲೆಂದು ಅದಕ್ಕೆ ಒಂದು ಬಿಳಿ ಪುಡಿ ಸವರಿರುತ್ತಾರೆ. ಅದು ಗೋವಿನಜೋಳದ ಪಿಷ್ಟ. ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಯೂ ಇತ್ತು. ಜಗತ್ತಿನ ಎಲ್ಲ ಪುಡಿಗಳನ್ನೂ ಓದುತ್ತಿದ್ದ ನಾನು ನನ್ನ ಕೈಯ ಪುಡಿಯನ್ನು ಓದಿರಲಿಲ್ಲ. ಒಂದೇ ಒಂದು ದಿನ ಖಾಲಿ ಗಾಜು ನೋಡಿದ್ದರೆ ತಿಳಿಯುತ್ತಿತ್ತು.

ಕೈ ತೊಳೆದು, ಬರಿಗೈಯಲ್ಲಿ ಅದೇ ಕೊಂಬಿನ ಇನ್ನೊಂದು ಸ್ಲೈಡ್ ಮಾಡಿದೆ. ಒಂದು ಕಣವೂ ಇರಲಿಲ್ಲ. ಅವಳ ಪುಡಿಯ ಉಳಿದ ಮಾದರಿಯನ್ನು ತೆಗೆಸಿ ಮಾಡಿದೆ. ಅದರಲ್ಲೂ ಇರಲಿಲ್ಲ. ಕೊನೆಗೆ ಕೈಗವಸನ್ನು ಗಾಜಿನ ಮೇಲೆ ಒಮ್ಮೆ ಕೊಡವಿ ಮಹಾದೇವಿಯನ್ನು ಕರೆದು ತೋರಿಸಿದೆ.

"ಚುಕ್ಕಿ ಚುಕ್ಕಿ ಅದಾವ, ನಡಬರಕ ಕರೇ ಗೀಟು."

"ಅದ ಗ್ವಾಂಜಾಳ. ನಿಮ್ಮದಲ್ಲ. ನನ್ನ ಕೈಯಿಂದು."

ಅವಳು ಕಣ್ಣು ತೆಗೆಯದೆ ಬಹಳ ಹೊತ್ತು ನೋಡಿದಳು. ಆಮೇಲೆ ನೆಟ್ಟಗೆ ನಿಂತು, "ಈಗ ನನಗ ಹೇಳಿದ್ರಿ. ಊರಿಗೆ ಯಾವಾಗ ಹೇಳ್ತೀರಿ?" ಎಂದಳು.

ಅವಳನ್ನು ಕೆಳಗೆ ಕೂರಿಸಿ ರಾಘವೇಂದ್ರರ ಬಳಿಗೆ ಹೋದೆ. ಅವರು ಎಲ್ಲವನ್ನೂ ಕೇಳಿ ತಲೆ ಹಿಡಿದುಕೊಂಡರು. "ಮೇಡಂ, ಹೊಸ ಸ್ಯಾಂಪಲ್ ತಗೊಳ್ಳೋಣ. ಟೆಸ್ಟ್ ಮಾಡಿ ಪಾಸ್ ಕೊಟ್ಬಿಡೋಣ. ಅವರಿಗೂ ಒಳ್ಳೇದು, ನಮಗೂ ಒಳ್ಳೇದು. ಹಳೇದನ್ನ ಯಾಕೆ ಕೆದಕ್ತೀರಾ?"

"ಹೊಸಾದು ಪಾಸ್ ಆದ್ರ, ಹಳೇದ್ರಾಗ ಕಲಬೆರಕಿ ಮಾಡಿದ್ಲು, ಸಿಕ್ಕಬಿದ್ದ ಮ್ಯಾಲ ಸುಧಾರಿಸಿದ್ಲು ಅಂತ ಆಗತದರಿ. ಹಳೇದ ತಪ್ಪು."

"ನಮ್ಮದೇ ತಪ್ಪು ಅಂತ ನಾವೇ ಬರೆದುಕೊಟ್ರೆ ನಾಳೆ ಯಾರ್ರೀ ಸ್ಯಾಂಪಲ್ ಕಳಿಸ್ತಾರೆ?"

"ನಮ್ಮದು ಅನಬ್ಯಾಡ್ರಿ. ನಂದು. ನಂದ ಅಂತ ಬರೀತೀನಿ."

ಅವರ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಮೂವತ್ತು ಜನ ಸಂಬಳ ತಿನ್ನುವ ಜಾಗ ಅದು. ಆದರೆ ಕೈಗವಸು ಬಂದ ಮೇಲೆ ಪಿಷ್ಟ ಬೆರೆತಿದೆ ಎಂದು ನಾನು ಸಹಿ ಮಾಡಿದ ವರದಿಗಳು ಒಟ್ಟು ಏಳು. ಎಲ್ಲದರ ಮಾದರಿಯನ್ನೂ ತೆಗೆಸಿ ಬರಿಗೈಯಲ್ಲಿ ಮತ್ತೆ ನೋಡಿದೆ. ಐದು ನಿಜಕ್ಕೂ ಕಲಬೆರಕೆ. ಮಹಾದೇವಿಯದಲ್ಲದೆ ಇನ್ನೊಂದು, ಶುಂಠಿ ಪುಡಿ, ನನ್ನ ತಪ್ಪು. ಎರಡಕ್ಕೂ ತಿದ್ದುಪಡಿ ವರದಿ ಬರೆದೆ: ಮಾದರಿ ಶುದ್ಧ, ಹಿಂದಿನ ವರದಿ ತಪ್ಪು, ಪಿಷ್ಟ ವಿಶ್ಲೇಷಕಿಯ ಕೈಗವಸಿನದು. ಕೆಳಗೆ ನನ್ನ ಹೆಸರು. ರಾಘವೇಂದ್ರ ಓದಿ, "ಫೈಲಲ್ಲಿ ಇರಲಿ ಮೇಡಂ. ಹೊರಗೆ ಬೇಡ" ಎಂದರು. ತಪ್ಪು ವರದಿ ಹೋದ ದಾರಿಯಲ್ಲೇ ತಿದ್ದುಪಡಿಯೂ ಹೋಗಬೇಕು ಎಂದೆ. ಅವರು ಒಪ್ಪಲಿಲ್ಲ. ಶುಂಠಿಯದನ್ನು ನಾನೇ ಅಂಚೆಗೆ ಹಾಕಿದೆ. ಮಹಾದೇವಿಯದನ್ನು ಬ್ಯಾಗಿನಲ್ಲಿಟ್ಟುಕೊಂಡೆ.

ಅದರಿಂದ ಆದದ್ದನ್ನು ಈಗಲೇ ಹೇಳಿಬಿಡುತ್ತೇನೆ. ವರದಿಗೆ ಸಹಿ ಹಾಕುವ ಅಧಿಕಾರವನ್ನು ನನ್ನಿಂದ ತೆಗೆದರು. ನಿವೃತ್ತಿಯವರೆಗಿನ ಎರಡು ವರ್ಷ ನಾನು ನೋಡಿದೆ, ಬೇರೆಯವರು ಸಹಿ ಹಾಕಿದರು. ಬೀಳ್ಕೊಡುಗೆಯ ಭಾಷಣದಲ್ಲಿ ನನ್ನ ಶಿಸ್ತನ್ನು ಹೊಗಳಿದರು, ಈ ಪ್ರಕರಣವನ್ನು ಹೇಳಲಿಲ್ಲ. ಪುಡಿಯಿಲ್ಲದ ಕೈಗವಸು ತರಿಸುವುದನ್ನು ಮಾತ್ರ ಮರುವಾರವೇ ಶುರು ಮಾಡಿದ್ದರು. ನನಗೆ ವಿಷಾದವಿಲ್ಲ. ಹೊಸಬರೇ, ನಿಮಗೂ ಇಂಥ ದಿನ ಬರುತ್ತದೆ. ನಿಮ್ಮ ತಪ್ಪಿನ ವರದಿಯನ್ನು ನೀವೇ ಬರೆಯಿರಿ. ಬೇರೆಯವರಿಗೆ ಬಿಟ್ಟರೆ ಅದರಲ್ಲಿ 'ತಪ್ಪಾಗಿದೆ' ಎಂದಷ್ಟೇ ಇರುತ್ತದೆ, ಕರ್ತೃವೇ ಇರುವುದಿಲ್ಲ.

ತಿದ್ದುಪಡಿ ಬರೆದ ಮರುದಿನ ಮಧ್ಯಾಹ್ನ ರಜೆ ಹಾಕಿ, ಮಹಾದೇವಿಯ ಜೊತೆ ಚಿಂಚವಾಡಕ್ಕೆ ಹೋದೆ. ಊಟದ ಗದ್ದಲ ಮುಗಿದಿತ್ತು. ಶೆಟ್ಟರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ನನಗೆ ಕುರ್ಚಿ ತೋರಿಸಿದರು, ಮಹಾದೇವಿಗೆ ತೋರಿಸಲಿಲ್ಲ. ನಾನೂ ಕೂರದೆ ಕಾಗದ ಕೊಟ್ಟೆ. ಎರಡು ಸಲ ಓದಿದರು.

"ಇದು ಎಂತದು ಮಾರಾಯ್ರೆ? ಮೊನ್ನೆ ಕಲಬೆರಕೆ ಅಂತ ಬರೆದದ್ದು ನೀವೇ, ಇವತ್ತು ಅಲ್ಲ ಅನ್ನುವುದೂ ನೀವೇ. ಹಾಗಾದ್ರೆ ಜೋಳ ಹಾಕಿದ್ದು ಯಾರು?"

"ನಾನು."

ತಟ್ಟೆ ಒರೆಸುತ್ತಿದ್ದವರ ಕೈ ನಿಂತಿತು. ಶೆಟ್ಟರು ಕಾಗದವನ್ನು ಮಡಚಿದರು. "ಆಯ್ತು ಬಿಡಿ. ಮನುಷ್ಯರಿಂದ ತಪ್ಪು ಆಗ್ತದೆ. ಮಹಾದೇವಮ್ಮ, ನಾಳೆಯಿಂದ ಮಾಲು ಕಳಿಸಿ. ಸರಿಯಾಯ್ತಲ್ಲ?"

"ಮಾಲಿನ ಮಾತು ಆಮ್ಯಾಲ ಶೆಟ್ರ" ಎಂದಳು ಮಹಾದೇವಿ. "ನಾ ಗ್ವಾಂಜಾಳ ಬೆರಸ್ತೀನಿ ಅಂತ ಫೋನ್ ಹಚ್ಚಿ ಎಷ್ಟು ಮಂದಿಗೆ ಹೇಳಿದ್ರಿ?"

"ನಾನು ಎಂತಕ್ಕೆ ಹೇಳ್ಲಿ? ಅವರೇ ಕೇಳಿದ್ರು... ಒಂದು ನಾಲ್ಕು ಜನಕ್ಕೆ ಹೇಳಿರಬಹುದು."

"ಅದ ಫೋನಿನಾಗ ಅದ ನಾಕು ಮಂದಿಗೆ ಈಗ ಹೇಳ್ರಿ. ನಾ ಇಲ್ಲೇ ನಿಂತು ಕೇಳ್ತೀನಿ."

"ಈಗಲೇನಾ? ಅವರೆಲ್ಲ ಮಲಗಿರ್ತಾರೆ ಮಾರಾಯ್ತಿ, ಹೋಟೆಲಿನವರು."

"ಎಬ್ಬಸ್ರಿ. ನಾ ಎಂಟ ದಿನ ಮಲಗಿಲ್ಲ."

ಶೆಟ್ಟರು ನನ್ನ ಕಡೆ ನೋಡಿದರು. ಫೋನು ಹಚ್ಚಿದರು. ಮೊದಲನೆಯವರಿಗೆ ತುಳುವಿನಲ್ಲಿ ಹೇಳತೊಡಗಿದಾಗ ಮಹಾದೇವಿ, "ನಮಗ ತಿಳಿಯೂ ಮಾತಿನಾಗ" ಎಂದಳು. ಕನ್ನಡಕ್ಕೆ ತಿರುಗಿದರು. ಲ್ಯಾಬಿನವರ ತಪ್ಪಂತೆ, ಬರೆದುಕೊಟ್ಟಿದ್ದಾರೆ, ಅರಿಶಿಣ ಚೊಕ್ಕ ಉಂಟು. ಅವಳು ಒಂದು ಬೆರಳು ಮಡಚಿದಳು. ಎರಡನೆಯವರಿಗೂ ಅದನ್ನೇ ಹೇಳಿದರು, ಮೂರನೆಯವರಿಗೂ ಹೇಳಿದರು. ಮೂರು ಬೆರಳು ಮಡಚಿಯಾಗಿತ್ತು. ಶೆಟ್ಟರು ಫೋನನ್ನು ಗಲ್ಲಾದ ಮೇಲಿಟ್ಟು, ಬೆವರು ಒರೆಸಿಕೊಂಡು, ಒಳಗೆ ತಿರುಗಿ ಮೂರು ಕಾಫಿ ಎಂದು ಕೂಗಿದರು.

"ಇನ್ನೊಬ್ರು ಉಳದಾರ್ರಿ" ಎಂದಳು ಮಹಾದೇವಿ.

ಶೆಟ್ಟರು ಮತ್ತೆ ಫೋನು ಎತ್ತಿಕೊಂಡರು.